ಕಲ್ಲಿಗೇರಿದ ಹಸಿ ಮರ

ಚಾಮರಾಜಪೇಟೆ, ಬೆಂಗಳೂರು
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಕಾಳಪ್ಪ ಚಿಕ್ಕಪ್ಪನಿಗೆ ವಿಶಾಖಾಳ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಚಿಕ್ಕಮ್ಮ ಕಾಯಿಸಿಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿ ಕಿಟಕಿಯಲ್ಲೇ ಕೂತಿದೆಯೋ? ನಾನು ಚೆನ್ನಾಗಿದ್ದೇನೆ. ಕಲ್ಲಿನ ಧೂಳಿಗೆ ಕೆಮ್ಮು ಇದ್ದದ್ದೇ. ಫೋನಿನಲ್ಲಿ ಕೂಗಿ ಹೇಳುವ ವಿಷಯ ಇದಲ್ಲ, ಅದಕ್ಕೇ ಕಾಗದ.

ಬರುವ ಭಾನುವಾರ ನಿಮ್ಮೂರ ಬಂದರಿನಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೈನ್ಯಕ್ಕೆಂದು ಮರದ ಹಡಗು ಕಟ್ಟಿದ ನೆನಪಿಗೆ. ಅದನ್ನು ಕೆತ್ತಿದವಳು ನಾನೇ. ಕೆತ್ತಿಸಿದವನು ಯಾರು ಗೊತ್ತೇ? ಕುಮಾರ ಪಾರ್ಕಿನ ಕಶ್ಯಪ್, ಆ ಹಡಗು ಕಟ್ಟಿಸಿದ ಕಂಟ್ರಾಕ್ಟರ್ ರಾಮಸ್ವಾಮಿಯ ಮೊಮ್ಮಗ! ಹುಡುಕುವ ಬಳ್ಳಿ ಕಾಲಿಗೆ ತೊಡರಿತು, ಚಿಕ್ಕಪ್ಪ.

ನಿಮಗೆ ನಾನು ಹಳೆಯದನ್ನು ಹೇಳಬೇಕಾಗಿಲ್ಲ, ಆದರೂ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ನಮ್ಮ ತಾತ ಆಂಜಿನಯ್ಯ ಇಲ್ಲಿಂದ ಉಳಿ, ಬಾಚಿ ಹೊತ್ತು ಅಲ್ಲಿಗೆ ಮೇಸ್ತ್ರಿಯಾಗಿ ಹೋದರು. ಮರ ಹಸಿ, ಒಣಗುವವರೆಗೆ ಹಲಗೆ ಕೂಡಿಸುವುದಿಲ್ಲ ಎಂದರು. ರಾಮಸ್ವಾಮಿ ಕೇಳಲಿಲ್ಲ. ಕಟ್ಟಿದ ಹಡಗು ಬಿಸಿಲಿಗೆ ನಿಂತು ಹಲಗೆಯ ಸಂದುಗಳೆಲ್ಲ ಬಿರಿದು, ನೀರಿಗಿಳಿಸಿದ ದಿನವೇ ಬಿಳಿ ಅಧಿಕಾರಿಗಳ ಕಣ್ಣೆದುರು ಮುಳುಗಿತು. ತಪ್ಪೆಲ್ಲ ತಾತನ ತಲೆಗೆ ಬಂತು. ಉಪಕರಣದ ಪೆಟ್ಟಿಗೆ ಕಿತ್ತುಕೊಂಡು ಓಡಿಸಿದರು. ಮತ್ತೆ ಸಾಯುವ ತನಕ ಅವರು ಮರ ಮುಟ್ಟಲಿಲ್ಲ. ಈ ಕಲ್ಲು ಕೆತ್ತುವ ಅಂಗಡಿ ಹಾಕಿದರು; "ಕಲ್ಲಿಗೆ ಹಸಿ ಒಣ ಅಂತಿಲ್ಲ ಕಣಮ್ಮ" ಎಂದು ನನಗೂ ಹೇಳುತ್ತಿದ್ದರು. ನೀವು ಹಟಕ್ಕೆ ಬಿದ್ದು ಅದೇ ಊರಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ನಿಂತಿರಿ. ಎಂಬತ್ತಾದರೂ ನಿಮ್ಮನ್ನು "ಮುಳುಗ್ಸಿದ ಆಂಜಿನಯ್ಯನ ಮಗ" ಎನ್ನುವುದನ್ನು ಆ ಊರು ಬಿಟ್ಟಿಲ್ಲ. ಹೋದ ವರ್ಷ ನಿಮ್ಮ ಮೊಮ್ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ನಾನೇ ಕೇಳಿದೆ. ಅವತ್ತು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದೆ.

ಕಶ್ಯಪ್ ಒಳ್ಳೆಯ ಹುಡುಗನೇ. ಕಾಫಿ ಕುಡಿದ, ಮಾತಿಗೊಮ್ಮೆ ಮೇಡಂ ಎಂದ. ನಾನು ಯಾರ ಮೊಮ್ಮಗಳೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕನಿಕರ ಬಂತೇ ಎಂದು ಕೇಳಬೇಡಿ, ಬರಲಿಲ್ಲ. ತಾತ ರಾಮಸ್ವಾಮಿ ಬಂದರಿನಿಂದ ತಮ್ಮನಿಗೆ ಬರೆದ ಕಾಗದಗಳ ಕಟ್ಟನ್ನೇ ಅವನು ತಂದು ಮೇಜಿನ ಮೇಲಿಟ್ಟ. "ಹಳೇ ಕೈಬರಹ ನಂಗೆ ಓದಕ್ಕಾಗಲ್ಲ ಮೇಡಂ, ತಾತಂದೇ ಮಾತು ಒಂದೆರಡು ಲೈನ್ ನೀವೇ ಆರಿಸಿ ಹಾಕ್ಬಿಡಿ" ಎಂದ. ಮೂರು ದಿನ ಕೂತು ಒಂದೊಂದೂ ಓದಿದೆ. ಆರಿಸಿದೆ.

ನಮ್ಮ ಕಸುಬಿನ ಪದ್ಧತಿ ನಿಮಗೆ ಗೊತ್ತು. ಮೊದಲು ಕಾಗದದ ಮೇಲೆ ಬರೆದು ತೋರಿಸಿ, ಗಿರಾಕಿಯ ಸಹಿ ಬಿದ್ದ ಮೇಲೇ ಕಲ್ಲಿಗೆ ಉಳಿ. ನಲವತ್ತು ವರ್ಷದಲ್ಲಿ ನಾನು ಕಂಡದ್ದು ಒಂದೇ: ಗಿರಾಕಿ ತನ್ನ ಮನೆಯವರ ಹೆಸರಷ್ಟೇ ನೋಡುತ್ತಾನೆ. ಕಶ್ಯಪ್ "ರಾಮಸ್ವಾಮಿ" ಎಂಬಲ್ಲಿ ಬೆರಳಿಟ್ಟು ಎರಡು ಸಲ ಕಾಗುಣಿತ ನೋಡಿ, ಸೂಪರ್ ಮೇಡಂ ಎಂದು ಸಹಿ ಹಾಕಿದ. ನಾನು ಒಂದಕ್ಷರ ಸುಳ್ಳು ಸೇರಿಸಿಲ್ಲ. ಅಪ್ಪನ ಉಳಿ ಹಿಡಿದು, ಬೇರೆ ಯಾರ ಕೈಗೂ ಕೊಡದೆ, ಕಾಲಂಗುಲ ಆಳಕ್ಕೆ ಕೆತ್ತಿದೆ. ಒಂದೊಂದು ಪೆಟ್ಟಿಗೂ ಸುಖವಾಯಿತು. ಕಲ್ಲು ನಿನ್ನೆ ಗೋಣಿತಟ್ಟು ಸುತ್ತಿಕೊಂಡು ಲಾರಿ ಹತ್ತಿತು.

ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆಲ್ಲ ನನ್ನ ಪ್ರೀತಿ. ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಹೊರಗೆ ಹೊರಡಿ.

ನಿಮ್ಮ ಮಗಳಂಥ
ವಿಶಾಖಾ

ಮರೆತಿದ್ದೆ: ಭಾನುವಾರ ಹತ್ತು ಗಂಟೆಗೆ ಪರದೆ ಸರಿಸುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಒಬ್ಬರೂ ಕಲ್ಲು ಓದುವುದಿಲ್ಲ. ನೀವು ಕನ್ನಡಕ ಹಾಕಿಕೊಂಡು ಮುಂದೆ ನಿಂತು, ಊರಿಗೆಲ್ಲ ಕೇಳುವಂತೆ ಓದಬೇಕು. ಕಶ್ಯಪ್ ಸಹಿ ಹಾಕಿದ ಕಾಗದದ ಜೆರಾಕ್ಸ್ ಇದರೊಳಗಿದೆ, ಯಾರಾದರೂ ತಗಾದೆ ತೆಗೆದರೆ ತೋರಿಸಲು ಜೇಬಿನಲ್ಲಿರಲಿ. ಓದಬೇಕಾದದ್ದು ಇದು: "ಮರ ಹಸಿಯಿದೆ, ಬಿಸಿಲಿಗೆ ಬಿರಿಯುವುದೆಂದು ಮೇಸ್ತ್ರಿ ಆಂಜಿನಯ್ಯ ಹಟ ಹಿಡಿದಿದ್ದಾನೆ. ಹಡಗು ಮುಳುಗಿದರೆ ತಪ್ಪು ಅವನದೆಂದು ಬರೆದರಾಯಿತು, ಕೆಲಸ ನಡೆಯಲಿ." ಕೆಳಗೆ ರಾಮಸ್ವಾಮಿ ಎಂದಿದೆ. ಅದನ್ನು ನಿಧಾನವಾಗಿ ಓದಿ. ಮೊಮ್ಮಗ ಎರಡು ಸಲ ನೋಡಿ ಒಪ್ಪಿದ್ದಾನೆ.