ಅಕ್ಕನ ದನಿಗೆ ತೂತು ಕೊರೆಯುವ ಮುನ್ನ

ಬನ್ನಿ ಮಹಾಜನಗಳೇ, ಹತ್ತಿರ ಬನ್ನಿ. ಮುಂದಿನ ಬೆಂಚಿನವರು ಒಂಚೂರು ಸರಿದು ಕೂರಿ; ಹಿಂದೆ ಗೋಡೆಗೊರಗಿ ನಿಂತವರಿಗೂ ಕೇಳಿಸಲಿ. ನಾಟಕದ ಪರದೆಗಳ ಹಿಂದೆ ಹುಟ್ಟಿ ಬೆಳೆದವನು ನಾನು, ಮೆಲ್ಲಗೆ ಮಾತಾಡುವುದು ನನಗೆ ಬಾರದು. ಆದರೆ ನಾನೀಗ ಓದುವ ಈ ಪತ್ರ ನಿಮಗಲ್ಲ, ಹಳೆಯ ಉಪಕರಣಗಳ ವಿಲೇವಾರಿ ಅಧಿಕಾರಿಗಳಿಗೆ. ನೀವು ಸಾಕ್ಷಿಗಳು.

ಮಾನ್ಯರೇ, ಕಳೆದ ಮಂಗಳವಾರ ನಿಮ್ಮ ಲಾರಿ ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಿಂದ ಎರಡು ಹಳೆಯ ಕಂಪ್ಯೂಟರುಗಳನ್ನು ಹೊತ್ತೊಯ್ದಿತು. ಅವುಗಳಲ್ಲಿ ನನ್ನ ಅಕ್ಕನ ದನಿ ಇತ್ತು. ಇದು ರಂಗದ ಮೇಲಿನ ಅಲಂಕಾರವಲ್ಲ, ಪೆಟ್ಟಿಗೆಯೊಳಗಿನ ಸತ್ಯ.

ಅಕ್ಕ ಟೆಲಿಫೋನ್ ಆಪರೇಟರ್ ಆಗಿದ್ದವಳು. ಒಂದು ಕಾಲಕ್ಕೆ ಈ ಊರಿನ ಅರ್ಧ ಮಾತು ಅವಳ ಕೈ ದಾಟಿ ಹೋಗಿದೆ. ಒಂಬತ್ತು ವರ್ಷದ ಹಿಂದೆ ಅವಳ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕೆಂದು ವೈದ್ಯರು ಹೇಳಿದರು. ಆಗ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರು ಒಂದು ತಂತ್ರಾಂಶ ಬರೆದುಕೊಟ್ಟರು. ಶಸ್ತ್ರಚಿಕಿತ್ಸೆಗೆ ಮುಂಚಿನ ಹನ್ನೊಂದು ದಿನ ಅಕ್ಕ ಗ್ರಂಥಾಲಯದ ಆ ಕೋಣೆಯಲ್ಲಿ ಕುಳಿತು, ಕಾಗುಣಿತದಿಂದ ಹಿಡಿದು ಬೈಗುಳದವರೆಗೆ, ತನ್ನ ದನಿಯನ್ನು ಆ ಯಂತ್ರದೊಳಗೆ ತುಂಬಿದಳು. ಆಮೇಲೆ ಅವಳು ಕೀಲಿಮಣೆಯಲ್ಲಿ ಬೆರಳಾಡಿಸಿದರೆ ಸ್ಪೀಕರಿನಿಂದ ಅವಳದೇ ದನಿ ಬರುತ್ತಿತ್ತು, ಸ್ವಲ್ಪ ತಡವರಿಸಿಕೊಂಡು. ಮೇಷ್ಟ್ರು ಈಗಿಲ್ಲ. ಅವರು ಬರೆದದ್ದು ಹೊಸ ಯಂತ್ರಗಳಲ್ಲಿ ಓಡುವುದಿಲ್ಲ.

ಭಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಕಾಣದ ಗಂಡ, ಮಾತಿಲ್ಲದ ಹೆಂಡತಿ. ನಾಟಕದಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಅತಿಯಾಯಿತೆಂದು ನಾನೇ ಹೊಡೆದುಹಾಕುತ್ತಿದ್ದೆ. ಬದುಕಿಗೆ ಆ ಸಂಕೋಚವಿಲ್ಲ ನೋಡಿ. ದಿನಾ ಸಂಜೆ ಐದಕ್ಕೆ ಇಬ್ಬರೂ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಇಡೀ ದಿನದ ಮಾತು ಆ ಒಂದು ಗಂಟೆಯಲ್ಲಿ. ‘ಮೌನವಾಗಿರಿ’ ಎಂಬ ಫಲಕದ ಕೆಳಗೇ ಕುಳಿತು, ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೂ ಜಗಳ. ಗ್ರಂಥಪಾಲಕಿ ನಗುತ್ತಾ ಎದ್ದು ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಇನ್ನು ಆ ಯಂತ್ರದ ಚರಿತ್ರೆ. ಇಪ್ಪತ್ತೆರಡು ವರ್ಷದ ಹಿಂದೆ ಅದು ಬಂದಾಗ, ಧೂಳು ಹೊಕ್ಕೀತೆಂದು ನಾವೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ತಾವೀಗ ಕೂತಿರುವ ಕುರ್ಚಿಯಲ್ಲಿ ಹಿಂದೆ ಕುಳಿತಿದ್ದವರೇ ಬಂದು ರಿಬ್ಬನ್ ಕತ್ತರಿಸಿ, ಇದು ಮುಂದಿನ ಪೀಳಿಗೆಗೂ ಉಳಿಯುವ ಆಸ್ತಿ ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದ್ದರು. ನಾನು ಪೆದ್ದ, ನಂಬಿದೆ. ಅದರ ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಬೋರ್ಡಿನ ಮೇಲೆ ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದೆ. ಎರಡನೆಯ ಯಂತ್ರದ ಪವರ್ ಬಟನ್ ಮುರಿದಾಗ ಅಕ್ಕ ತನ್ನ ಹಳೆಯ ಕೋಟಿನ ಹಸಿರು ಗುಂಡಿಯನ್ನು ಅಲ್ಲಿ ಅಂಟಿಸಿದಳು. ಆ ಕಾಲದ ಪೆಟ್ಟಿಗೆಗಳಿಗೆ ನಾಲ್ಕು ತಿರುಪು, ಬಿಚ್ಚಿದರೆ ಹೊಟ್ಟೆಯೊಳಗಿನದೆಲ್ಲ ಕೈಗೆ ಸಿಗುತ್ತಿತ್ತು. ಈಗಿನವಕ್ಕೆ ಅಂಟು ಮೆತ್ತಿರುತ್ತಾರೆ. ರೋಗಿಯ ಬಾಯಿ ಹೊಲಿದು ವೈದ್ಯನನ್ನು ಕರೆಯುವವರಿಗೆ ಏನೆನ್ನೋಣ?

ನಿಮ್ಮ ಪರೀಕ್ಷಕರು ಬಂದರು. ಯಂತ್ರ ಬದುಕಿದೆಯೋ ಇಲ್ಲವೋ ನೋಡಲು ನಿಮ್ಮ ನಿಯಮವೊಂದಿದೆ: ಕಚೇರಿಯಿಂದ ಇಂಟರ್‌ನೆಟ್ ಮೂಲಕ ಅದನ್ನು ಕೂಗಬೇಕು, ಒಂದು ನಿಮಿಷದಲ್ಲಿ ಓಗೊಡದಿದ್ದರೆ ‘ನಿರ್ಜೀವ’ ಎಂದು ಬರೆಯಬೇಕು. ನಾನು ಆ ಎರಡು ಯಂತ್ರಗಳ ಇಂಟರ್‌ನೆಟ್ ತಂತಿಯನ್ನು ಎಂದೋ ಕಿತ್ತಿಟ್ಟಿದ್ದೆ, ಮುದಿ ಜೀವಕ್ಕೆ ವೈರಸ್ ತಗುಲದಿರಲಿ ಎಂದು. ಹಾಗಾಗಿ ಅವು ನಿಮ್ಮ ಕೂಗಿಗೆ ಓಗೊಡಲಿಲ್ಲ. ಪರೀಕ್ಷಕರ ಎದುರಿಗೇ ಅಕ್ಕ ಕುಳಿತಿದ್ದಳು. ಅವಳು ಕೀಲಿಗಳನ್ನೊತ್ತಿದಳು, ಯಂತ್ರ ಹೇಳಿತು: “ಇಲ್ಲೇ ಇದ್ದೀನಲ್ಲಪ್ಪ, ಮಾತಾಡ್ತಾ ಇದ್ದೀನಿ.”

ಆತ ಕೇಳಿಸಿಕೊಂಡ. ಕಲ್ಲು ಮನಸ್ಸಿನವನೇನಲ್ಲ, ತಲೆ ತಗ್ಗಿಸಿದ. “ಅಮ್ಮಾ, ಲಿಸ್ಟಲ್ಲಿ ಇದು ಸತ್ತೋಗಿದೆ. ನಾನೇನ್ ಮಾಡ್ಲಿ ಹೇಳಿ.”

ಮಾನ್ಯರೇ, ಕೂಗಿದಾಗ ಓಗೊಡದವರೆಲ್ಲ ಸತ್ತವರೇ? ಅಂದಿನಿಂದ ಇಂದಿನವರೆಗೆ ತಮ್ಮ ಕಚೇರಿಗೆ ಹದಿನೇಳು ಸಲ ಫೋನ್ ಮಾಡಿದ್ದೇನೆ, ಒಮ್ಮೆಯೂ ಯಾರೂ ಎತ್ತಲಿಲ್ಲ. ಹಾಗಿದ್ದರೆ ತಮ್ಮ ಕಚೇರಿಯನ್ನು ನಾನು ಯಾವ ಪಟ್ಟಿಗೆ ಸೇರಿಸಲಿ?

ಕೂಲಿಗಳು ಬಂದರು. ಹಳೆಯ ಕಾಲದ ಮಾನಿಟರ್, ಕಲ್ಲುಗುಂಡಿನ ಭಾರ. ಒಬ್ಬ ಬಗ್ಗಿ ಅದನ್ನು ತಬ್ಬಿದ. ಅಕ್ಕ ಅವಸರದಲ್ಲಿ ಕೊನೆಯದಾಗಿ ಏನನ್ನೋ ಒತ್ತಿದಳು. ಶಾಪ ಹಾಕುತ್ತಾಳೆ ಎಂದುಕೊಂಡೆ. ಯಂತ್ರ ಹೇಳಿತು: “ಮಂಡಿ ಬಗ್ಗಿಸಿ ಎತ್ತಪ್ಪ, ಸೊಂಟ ಹಿಡ್ಕೊಂಡೀತು.” ಆಮೇಲೆ ಪ್ಲಗ್ ಕಿತ್ತರು. ನನ್ನ ಅಕ್ಕ ತನ್ನ ದನಿಯಲ್ಲಿ ಆಡಿದ ಕಡೆಯ ಮಾತು ಅದು.

ಕಚೇರಿಗೇ ಬಂದು ಕೇಳಿದಾಗ, ಬರೆದದ್ದನ್ನು ಓದಿ ಹೇಳುವ ಸೌಲಭ್ಯ ಹೊಸ ಫೋನಿನಲ್ಲಿದೆಯಲ್ಲ ಎಂದು ತಮ್ಮ ಗುಮಾಸ್ತರು ಉಪದೇಶ ಮಾಡಿದರು. ಅದನ್ನೂ ಮಾಡಿದೆವು. ಯಾವಳೋ ಒಬ್ಬಳ ನುಣುಪು ದನಿ ಭಾವನನ್ನು ಊಟಕ್ಕೆ ಕರೆಯಿತು. ಭಾವ ಬಹಳ ಮರ್ಯಾದೆಯಿಂದ, “ನೀವು ಇರಿ ತಾಯಿ, ನಮ್ಮನೆಯವಳನ್ನ ಒಂದ್ಸಲ ಕರೀರಿ” ಅಂದ. ಅಕ್ಕ ಅವನ ಪಕ್ಕದಲ್ಲೇ ನಿಂತಿದ್ದಳು. ಆವತ್ತಿನಿಂದ ಅವಳು ಫೋನ್ ಮುಟ್ಟಿಲ್ಲ. ಸ್ಲೇಟಿನಲ್ಲಿ ಬರೆಯುತ್ತಾಳೆ, ಓದಬೇಕಾದವನಿಗೆ ಕಾಣದು.

ಆ ದನಿಯ ಇನ್ನೊಂದು ಪ್ರತಿ ತೆಗೆದಿಡಲಿಲ್ಲವೇ ಎಂದು ಕೇಳುತ್ತೀರಿ. ಇಟ್ಟಿದ್ದೆ, ಪಕ್ಕದ ಎರಡನೆಯ ಯಂತ್ರದಲ್ಲಿ. ಬೀಗದ ಎರಡನೆಯ ಕೀಲಿಯನ್ನೂ ಅದೇ ಮನೆಯೊಳಗಿಟ್ಟು ಬಾಗಿಲೆಳೆದುಕೊಂಡ ಜಾಣ ನಾನು. ಇದೊಂದು ತಪ್ಪನ್ನು ತಮ್ಮ ತಲೆಗೆ ಕಟ್ಟಲಾರೆ. ಅಕ್ಕ ಈ ಬಗ್ಗೆ ಒಂದಕ್ಷರ ಬರೆದು ಬೈದಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಇವತ್ತು ಬೆಳಿಗ್ಗೆ ತಮ್ಮ ಗೋದಾಮಿಗೆ ಹೋಗಿದ್ದೆ. ಬಲಗಡೆಯ ಸಾಲಿನ ಯಂತ್ರಗಳ ಡಿಸ್ಕಿಗೆಲ್ಲ, ಒಳಗಿನದು ಯಾರಿಗೂ ಸಿಗದಿರಲೆಂದು, ನಿಯಮದಂತೆ ತೂತು ಕೊರೆದಾಯಿತು, ಎಡಗಡೆಯದು ನಾಳೆ ಹತ್ತು ಗಂಟೆಗೆ ಎಂದು ಕಾವಲುಗಾರ ಹೇಳಿದ. ಅಕ್ಕ ಮಾತಾಡುತ್ತಿದ್ದ ಯಂತ್ರ ಬಲಗಡೆ ಇತ್ತು. ಜಾಲರಿಯಲ್ಲಿ ಇಣುಕಿ ಎಡಗಡೆ ಹುಡುಕಿದೆ. ಮೂರನೆಯ ಪೆಟ್ಟಿಗೆಯ ಮೇಲೆ ಹಸಿರು ಗುಂಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಯಂತ್ರವನ್ನು ‘ನಿರ್ಜೀವ’ ಎನ್ನುವ ಮೊದಲು ಅದರ ಮುಂದೆ ಕುಳಿತವರನ್ನು ಒಂದು ಮಾತು ಕೇಳುವ ನಿಯಮ ಮಾಡಿ. ಅದಕ್ಕೆ ಸಮಿತಿ, ಉಪಸಮಿತಿ ಎಲ್ಲ ಆಗಲಿ, ಕಾಯುತ್ತೇನೆ. ಆದರೆ ಆ ಮೂರನೆಯ ಪೆಟ್ಟಿಗೆ ಕಾಯಲಾರದು. ನನಗೆ ಬೇಕಿರುವುದು ಅದರ ಡಿಸ್ಕು ಮಾತ್ರ, ಹತ್ತು ನಿಮಿಷದ ಕೆಲಸ. ಉಳಿದ ತಗಡನ್ನು ತಾವೇ ಇಟ್ಟುಕೊಳ್ಳಿ; ಡಿಸ್ಕು ಓಡಿಸಲು ಅದೇ ಕಾಲದ ಪೆಟ್ಟಿಗೆಯೊಂದನ್ನು ಗುಜರಿಯಲ್ಲಿ ಹುಡುಕಿಕೊಳ್ಳುತ್ತೇನೆ.

ನಾಳೆ ಬೆಳಿಗ್ಗೆ ಏಳಕ್ಕೇ ಸ್ಕ್ರೂಡ್ರೈವರ್ ಹಿಡಿದು ಗೋದಾಮಿನ ಬಾಗಿಲಲ್ಲಿ ನಿಲ್ಲುತ್ತೇನೆ. ಸ್ಲೇಟು ಹಿಡಿದ ಅಕ್ಕ, ಅವಳ ತೋಳು ಹಿಡಿದ ಭಾವ ನನ್ನ ಜೊತೆಗಿರುತ್ತಾರೆ. ಬಾಗಿಲು ತೆಗೆದರೆ ನಾಲ್ಕು ತಿರುಪು ಬಿಚ್ಚಿಕೊಂಡು ಹೊರಡುತ್ತೇವೆ. ತೆಗೆಯದಿದ್ದರೆ, ಡ್ರಿಲ್ಲು ತಿರುಗುವಷ್ಟು ಹೊತ್ತೂ ಅಕ್ಕ ಬರೆದದ್ದನ್ನೆಲ್ಲ ನಾನು ಗಟ್ಟಿಯಾಗಿ ಭಾವನಿಗೆ ಓದಿ ಹೇಳುತ್ತೇನೆ. ಅದು ಅವಳ ದನಿಯಲ್ಲವೆಂದು ಅವನಿಗೆ ಗೊತ್ತಾಗುತ್ತದೆ. ಆದರೂ ಓದುತ್ತೇನೆ.

ಇಂತಿ,
ಎರಡನೆಯ ಕೀಲಿಯನ್ನೂ ಒಳಗೇ ಇಟ್ಟ ತಮ್ಮ