ಮೂಸತ್ತೆಯ ಪಾತ್ರ ಖಾಲಿ ಇದೆ

ಮಾರ್ಚ್ 4, ಬೆಳಗ್ಗೆ 10.20

ಇವತ್ತು ಬರೆಯಬೇಕಾದ ಮೂರು ಸನ್ನಿವೇಶಗಳಲ್ಲಿ ಎರಡು ಮುಗಿದವು. ಒಂದು: ಮದುವೆಮನೆಯ ಫೋಟೋಗ್ರಾಫರ್‌ಗೆ ನಿಲ್ಲದ ಬಿಕ್ಕಳಿಕೆ. ಇನ್ನೊಂದು: ಲಿಫ್ಟಿನಲ್ಲಿ ಸಿಕ್ಕಿಬಿದ್ದ ಆರು ಜನ, ಒಬ್ಬನಿಗೆ ಹೊಟ್ಟೆ ಕೆಟ್ಟಿದೆ. ಎರಡನೆಯದು ಗೆಲ್ಲುತ್ತದೆ, ಗೊತ್ತು. ಹೊಟ್ಟೆ ಕೆಟ್ಟದ್ದು ಯಾವತ್ತೂ ಸೋತಿಲ್ಲ.

ಥೂ.

ಏಳು ತಿಂಗಳಿಂದ ಇದೇ ಕೆಲಸ. ನಗೆ ಬರುವಂಥ ಸನ್ನಿವೇಶ ಬರೆಯುವುದು, ಆರು ಪಾತ್ರ ಕಟ್ಟುವುದು, ಆಪ್‌ಗೆ ಹಾಕುವುದು. ಯಾರ್ಯಾರೋ ಬಂದು ಒಂದೊಂದು ಪಾತ್ರ ಹಿಡಿದು, ಸರದಿಯಂತೆ ಬರೆದು ಕಥೆ ಮುಂದಕ್ಕೆ ತಳ್ಳುತ್ತಾರೆ. ನಿಯಮ ಒಂದೇ — ನಿನ್ನ ಪಾತ್ರವನ್ನು ಮಾತ್ರ ನೀನು ಆಡಿಸು. ಇನ್ನೊಬ್ಬರ ಪಾತ್ರದ ಬಾಯಿಗೆ ಮಾತು ತುರುಕಬೇಡ, ಕೈಕಾಲು ಅಲ್ಲಾಡಿಸಬೇಡ. ಬರೆದವಳೂ ನಾನೇ, ಕಾಯುವವಳೂ ನಾನೇ.

ಸ್ಮೈಲಿಯ ಮೆಸೇಜು: "ಇನ್ನೂ ಸ್ವಲ್ಪ ನಗು ಬರ್ಲಿ ಮೇಡಂ." ಕೊನೆಗೊಂದು ನಗುಮುಖ. ನಮ್ಮ ಟೀಮ್ ಲೀಡರ್. ಒಬ್ಬಳನ್ನು ಕೆಲಸದಿಂದ ತೆಗೆದ ಮೆಸೇಜಿಗೂ ನಗುಮುಖ ಅಂಟಿಸಿದ್ದ. ಅವತ್ತಿನಿಂದ ಆ ಹೆಸರು.

ಮೂರನೆಯದಕ್ಕೆ ಏನೂ ಹೊಳೆಯುತ್ತಿಲ್ಲ.

ಅದೇ ದಿನ, 12.45

ಹೊಳೆಯಿತು. ಅಕ್ಕ.

ದಿನಾ ಬೆಳಗ್ಗೆ ಎಂಟಕ್ಕೆ ಅವಳ ಫೋನ್. "ಟವೆಲ್ ಬಿಸಿಲಿಗೆ ಹಾಕಿದ್ಯಾ? ಮುಗ್ಗಲು ವಾಸನೆ ಬಂದ್ರೆ ಎಸೆದುಬಿಡು ಕಣೆ." ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ. ಏನು ಕೈಗೆ ಸಿಕ್ಕರೂ ಮೊದಲು ಮೂಗಿಗೆ. ಹಾಲು, ಹೊದಿಕೆ, ನೆಂಟರ ಕಾಲರ್. ಒಮ್ಮೆ ನನ್ನ ಗೆಳತಿಯ ಜಡೆ ಹಿಡಿದು ಮೂಸಿ, "ಶಾಂಪೂ ಬದಲಾಯಿಸಮ್ಮಾ" ಅಂದಿದ್ದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು.

ಮೂಸತ್ತೆ! ಮಗಳ ಮನೆಗೆ ಬಂದು, ಎಲ್ಲರನ್ನೂ ಮೂಸಿ ಮೂಸಿ ಗುಟ್ಟು ಹೊರಗೆ ಹಾಕುವ ಹೆಂಗಸು. ಜಡೆ ಮೂಸಿದ್ದನ್ನೂ ಹಾಕಿದೆ. ಹದಿನೈದೇ ನಿಮಿಷ. ಬರೆಯುವಾಗ ನಕ್ಕೆ ಕೂಡ. ತಿಂಗಳ ಮೇಲಾಗಿತ್ತು ಹಾಗೆ ನಕ್ಕು.

ಮಾರ್ಚ್ 6

ಐದು ಪಾತ್ರ ಹೋಗಿವೆ. ಮಗಳು, ಅಳಿಯ, ಮಹಡಿಯ ಬಾಡಿಗೆಯವ, ಪಕ್ಕದ ಮನೆ ಡಾಕ್ಟರ್, ಡಾಕ್ಟರ ನಾಯಿ. ನಾಯಿಗೆ ಮೂವರ ಪೈಪೋಟಿ. ಮೂಸತ್ತೆಯ ಹೆಸರಿನ ಮುಂದೆ ಮಾತ್ರ ಆಪ್ ತೋರಿಸುತ್ತಿದೆ — 'ಖಾಲಿ ಇದೆ'.

ನಗೆಪಾಟಲಾಗುವ ಹೆಂಗಸಾಗಲು ಯಾರಿಗೂ ಇಷ್ಟವಿಲ್ಲ. ಅವಳ ಮೇಲೆ ಕೊಳಕು ಎಸೆಯಲು ಎಲ್ಲರಿಗೂ ಇಷ್ಟ. "ಅತ್ತೆ ಎಲ್ಲಿ? ನನ್ನ ಸಾಕ್ಸ್ ರೆಡಿ ಇದೆ" ಅಂತಾನೆ ಅಳಿಯ. ನಾಯಿ ಏನು ರೆಡಿ ಮಾಡಿಕೊಂಡಿದೆ ಅಂತ ಇಲ್ಲಿ ಬರೆಯಲಾರೆ. ಹಗಲು ಹೊತ್ತು ಇವರೆಲ್ಲ ಯಾರೋ... ಬ್ಯಾಂಕಿನಲ್ಲಿ ನನಗೆ ಫಾರಂ ತುಂಬಿಕೊಡುವವರು, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡುವವರು. ಇಲ್ಲಿ ಬಂದರೆ ಹೀಗೆ. ಬೇಕಾದ್ದನ್ನು ಬಡಿಸುತ್ತಿರುವವಳು ನಾನು ತಾನೆ.

ಮಾರ್ಚ್ 7, ಮಧ್ಯಾಹ್ನ

ಯಾರೋ ಮೂಸತ್ತೆಯನ್ನು ಹಿಡಿದರು! ಹೆಸರು 'ಬಿಳಿಬಟ್ಟೆ'. ಹೊಸಬರು.

ಅಳಿಯ ಸಾಕ್ಸ್ ಚಾಚಿದ. ಮೂಸತ್ತೆ ಮೂಸಿ, "ಎರಡು ದಿನದ್ದು. ಅದಿರ್ಲಿ, ಎಡಗಾಲಿಗೆ ಮುಲಾಮು ಹಚ್ಚಿದೀರಲ್ಲ ಅಳಿಯಂದ್ರೇ... ಹುಣ್ಣಾಗಿದ್ಯಾ? ಮುಚ್ಚಿಡಬೇಡಿ, ಗಾಳಿಗೆ ಬಿಡಿ" ಅಂದಳು.

ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಎಲ್ಲಿದ್ದರೋ ಇಷ್ಟು ದಿನ ಈ ಪುಣ್ಯಾತ್ಮರು.

ಮಾರ್ಚ್ 9

ನೋಡುವವರು ಮುನ್ನೂರು ದಾಟಿದರು. ಸ್ಮೈಲಿಗೆ ಎಲ್ಲಿಲ್ಲದ ಖುಷಿ.

ಕೊಳಕೂ ಏರಿದೆ. ಬಾಡಿಗೆಯವ ಒಗೆಯದ ಚಡ್ಡಿ ತಂದು ಅವಳ ಮಡಿಲಿಗೆ ಹಾಕಿದ. ನಾಯಿ ಅವಳ ಚೀಲದೊಳಗೆ ವಾಂತಿ ಮಾಡಿತು. ಎಲ್ಲರೂ ತಮ್ಮ ತಮ್ಮ ಪಾತ್ರವನ್ನೇ ಆಡಿಸುತ್ತಿದ್ದಾರೆ, ಹಾಗಾಗಿ ನಿಯಮ ಮುರಿದಂತಲ್ಲ. ಆದರೂ ಸಾಕು ಅನ್ನಬಹುದಿತ್ತು. ಅನ್ನಲಿಲ್ಲ. ಮೂಸತ್ತೆ ಚೀಲ ತೊಳೆದು ಒಣಹಾಕಿ, ನಾಯಿಗೆ ನೀರಿಟ್ಟಳು.

ಡಾಕ್ಟರ್ ಕೇಳಿದ: "ಈ ಮೂಸೋ ಚಟ ಯಾವಾಗಿಂದ?"

"ಹಾಸ್ಟೆಲಿಂದ" ಅಂದಳು ಮೂಸತ್ತೆ. "ನನ್ನ ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಮಲಗ್ತಿತ್ತು. ಹಾಸಿಗೆ ಒದ್ದೆ ಮಾಡ್ಕೋತಿತ್ತು, ಪಾಪ. ವಾರ್ಡನ್ ಗಂಟೆ ಹೊಡೆಯೋ ಮೊದಲು ಎದ್ದು ಮೂಸಿ ನೋಡ್ತಿದ್ದೆ. ನನ್ನ ಒಣ ಹಾಸು ಅದಕ್ಕೆ ಹಾಸಿ, ಅದರದ್ದು ನಾನು ತಗೊಂಡು ತಣ್ಣೀರಲ್ಲಿ ಹಿಂಡಿಡ್ತಿದ್ದೆ. ದಿನಾ ಮಾಡಿ ಮಾಡಿ ಅಭ್ಯಾಸ ಆಗೋಯ್ತು."

ಆ ಸಾಲನ್ನು ಮತ್ತೆ ಮೇಲಿನಿಂದ ಓದಿದೆ.

ಆ ಹುಡುಗಿ ನಾನು. ಹನ್ನೊಂದು ವರ್ಷ ತುಂಬುವವರೆಗೂ. ಇದು ಗೊತ್ತಿರುವುದು ಈ ಲೋಕದಲ್ಲಿ ಇಬ್ಬರಿಗೇ.

ಬಿಳಿಬಟ್ಟೆ ಅಂದರೆ ಅಕ್ಕ.

ಮಾರ್ಚ್ 10, ಬೆಳಗ್ಗೆ 8.15

ಫೋನ್ ಬಂತು. ಎಂದಿನಂತೆ ಟವೆಲ್ ವಿಚಾರ. ಆಮೇಲೆ —

"ಕೆಲಸ ಹೇಗೆ ನಡೀತಿದೆ?"

"ನಡೀತಿದೆ."

"ಜನ ನಗ್ತಾರಾ?"

"ನಗ್ತಾರೆ."

"ಒಳ್ಳೇದಾಯ್ತು ಬಿಡು."

ಅವಳೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಫೋನ್ ಇಟ್ಟಮೇಲೆ ತಿಂಡಿ ಹಾಗೇ ಬಿಟ್ಟೆ.

ಸಂಜೆ 6

ಎಲ್ಲರಿಗೂ ಈಗ ಒಂದೇ ಹಟ. ಆ ಹುಡುಗಿ ಯಾರು? ನಾಯಿ ಕೂಡ ಕೇಳುತ್ತಿದೆ. ಮೂಸತ್ತೆ "ಅದು ಮನೆ ಮಾತು" ಅಂದುಬಿಟ್ಟಳು.

ಮಧ್ಯಾಹ್ನ ಸ್ಮೈಲಿ ಫೋನೇ ಮಾಡಿದ. "ಮೇಡಂ, ಅದನ್ನೇ ತಿರುವು ಮಾಡಿ. ಒದ್ದೆ ಮಾಡಿದ್ದು ಯಾರು? ಜನ ಬಿದ್ದು ಬಿದ್ದು ನಗ್ತಾರೆ."

ಆಗಲ್ಲ ಅನ್ನಬೇಕಿತ್ತು. "ಸಂಜೆಯೊಳಗೆ ಕೊಡ್ತೀನಿ" ಅಂದೆ.

ಕೊಟ್ಟೆ. ಕಥೆಗಾರ್ತಿಯ ಸಾಲಾಗಿ ಹಾಕಿದೆ: 'ಮೂಸತ್ತೆ ಹೇಳಿದ್ದೆಲ್ಲ ಬುರುಡೆ. ಪುಟ್ಟ ಹುಡುಗಿಯೂ ಇಲ್ಲ, ಏನೂ ಇಲ್ಲ. ಒದ್ದೆ ಮಾಡುತ್ತಿದ್ದವಳು ಮೂಸತ್ತೆಯೇ. ಈಗಲೂ ಮಾಡುತ್ತಾಳೆ.'

ನನ್ನ ನಿಯಮ ನಾನೇ ಮುರಿದೆ. ಯಾಕೆ? ನನ್ನ ಕಡೆ ಯಾರೂ ಬೆರಳು ತೋರಿಸಬಾರದು ಅಂತ. ಯಾರು ತೋರಿಸುತ್ತಿದ್ದರು? ಯಾರಿಗೆ ಗೊತ್ತಿತ್ತು? ಹೇಸಿಗೆ. ಸ್ನಾನ ಮಾಡಿದರೂ ಹೋಗುವಂಥದ್ದಲ್ಲ ಇದು.

ಸಾವಿರ ಜನ ನಕ್ಕಿದ್ದಾರೆ.

ಮಾರ್ಚ್ 11

ಮೂಸತ್ತೆಯ ಸರದಿ. ಹಾಗೇ ಇಳಿಸಿಕೊಳ್ಳುತ್ತೇನೆ —

"ಹೌದು, ನಾನೇ. ಎಲ್ಲರೂ ನಕ್ಕಿದ್ರಲ್ಲ, ಸಂತೋಷ. ಇನ್ನೊಂದು ಹೇಳಿಬಿಡ್ತೀನಿ. ಎರಡು ವರ್ಷದಿಂದ ನಂಗೆ ಯಾವ ವಾಸನೇನೂ ಬರಲ್ಲ. ಬ್ಲೀಚಿನ ಗಾಳಿ ಮೂಗನ್ನ ತಿಂದುಬಿಡ್ತು. ಮೂಸೋದು ಬಿಟ್ರೆ ಗೊತ್ತಾಗಿಬಿಡುತ್ತೆ ಅಂತ ಸುಮ್ನೆ ಮೂಸ್ತಿದ್ದೆ. ನಿಮ್ಮ ಸಾಕ್ಸು, ಚಡ್ಡಿ ಯಾವುದೂ ನಂಗೆ ನಾರಲಿಲ್ಲ. ಯಾರೂ ಬೇಜಾರು ಮಾಡ್ಕೋಬೇಡಿ. ಬರ್ತೀನಿ."

ಚೀಲ ತಗೊಂಡು ಹೊರಟಳು. ಆಪ್ ಮತ್ತೆ ತೋರಿಸುತ್ತಿದೆ — 'ಖಾಲಿ ಇದೆ'.

"ಸೂಪರ್ ಟ್ವಿಸ್ಟ್!" ಸ್ಮೈಲಿ. ನಗುಮುಖ, ಈ ಸಲ ಮೂರು.

ಮಾರ್ಚ್ 12

ಎಂಟಾಯಿತು. ಫೋನ್ ಇಲ್ಲ.

ಮೂಗಿನ ಮಾತು ಆಟಕ್ಕೇ ಹೇಳಿದ್ದಿರಬೇಕು. ಚೆನ್ನಾಗಿ ಆಡುತ್ತಾಳಲ್ಲ... ನಿಜವಾಗಿದ್ದರೆ? ಒಗೆದ ಬಟ್ಟೆಯಲ್ಲಿ ಕೊಳೆ ಉಳಿದಿದ್ದರೆ ಮೂಗಿನಿಂದಲೇ ಹಿಡಿದು ವಾಪಸ್ ಕಳಿಸುವುದು ಅವಳ ಕೆಲಸ. ಮೂಗು ಸತ್ತವಳನ್ನು ಲಾಂಡ್ರಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಮುಚ್ಚಿಟ್ಟಿದ್ದಾಳಾ? ಎರಡು ವರ್ಷ, ನನ್ನಿಂದಲೂ?

ಮಾರ್ಚ್ 13

ಇವತ್ತೂ ಫೋನ್ ಇಲ್ಲ.

ಮಾರ್ಚ್ 17, ಮಧ್ಯಾಹ್ನ 3.30, ಅಕ್ಕನ ಮನೆ

ರಜೆ ಹಾಕಿ ಬಂದೆ. ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅವಳು ಅಡುಗೆಮನೆಯಲ್ಲಿ, ಕಾಫಿಗೆ ಹಾಲಿಟ್ಟಿದ್ದಾಳೆ.

ಬಾಗಿಲಲ್ಲೇ ಹೇಳಿಬಿಟ್ಟೆ. "ಆ ಸಾಲು ಬರೆದದ್ದು ನಾನೇ ಅಕ್ಕ."

"ಗೊತ್ತು ಕಣೆ. ಒಳಗೆ ಬಾ."

"ಯಾಕೆ ಬಂದೆ ಅಲ್ಲಿಗೆ?"

"ನೀನು ಮಾಡೋ ಕೆಲಸ ನೋಡೋಣ ಅಂತ. ನಮ್ಮ ಲಾಂಡ್ರಿಯವರು ಆಪ್ ಹಾಕಿಕೊಟ್ರು. ಎಲ್ಲಾ ಪಾತ್ರ ಹೋಗಿತ್ತು, ಆ ಹೆಂಗಸೊಬ್ಬಳೇ ಉಳ್ಕೊಂಡಿದ್ಲು. ಯಾರಿಗೂ ಬೇಡವಾಗಿದ್ಲು. ಪಾಪ ಅನ್ನಿಸ್ತು."

"ಅದು ನೀನೇ ಅಂತ..."

"ಜಡೆ ಮೂಸಿದ್ದು ಓದಿದಾಗ ಗೊತ್ತಾಯ್ತು." ಅಷ್ಟು ಹೇಳಿ ನನ್ನ ಚೀಲ ಇಳಿಸಿಕೊಂಡಳು. ಬೈದಿದ್ದರೆ ವಾಸಿಯಿತ್ತು. ನಾನು ಅತ್ತುಬಿಟ್ಟೆ. ಅವಳೇ ನನ್ನ ಬೆನ್ನು ಸವರಿದಳು.

"ಮೂಗಿನ ವಿಷಯ ನಿಜಾನಾ ಅಕ್ಕ?"

"ಏಯ್, ಹುಚ್ಚಿ! ನಿನ್ನ ಕಥೆಗೆ ಒಂದು ಕೊನೆ ಬೇಕಿತ್ತಲ್ಲ, ಅದಕ್ಕೆ ಹೇಳಿದ್ದು." ನನ್ನ ಸೆರಗು ಎಳೆದು ಮೂಗಿಗೆ ಹಿಡಿದಳು. "ನೋಡು, ಬಸ್ಸಿನ ಧೂಳು. ಮೊದಲು ಇದನ್ನ ಒಗಿ." ನಕ್ಕಳು. ನಾನೂ ನಕ್ಕೆ. ಹೋದ ಜೀವ ಬಂದಂತಾಯಿತು. ನಾಳೆಯಿಂದ ಫೋನ್ ಮಾಡುತ್ತಾಳಂತೆ. ಆ ಕಥೆಯನ್ನು ಅಳಿಸಿಹಾಕುತ್ತೇನೆ, ಸ್ಮೈಲಿ ಏನಾದರೂ ಅಂದುಕೊಳ್ಳಲಿ. ಬೇರೆ ಕೆಲಸ ಹುಡುಕಿದರಾಯಿತು, ಎಲ್ಲಾ ಸರಿ

ಸೀದ ವಾಸನೆ.

ಹಾಲು ತಳ ಹಿಡಿದಿದೆ. ಇಲ್ಲಿ ಕೂತ ನನ್ನ ಮೂಗಿಗೇ ಘಾಟು ಬಡಿಯುತ್ತಿದೆ. ಅಕ್ಕ ಒಲೆಯ ಪಕ್ಕದಲ್ಲೇ ಇದ್ದಾಳೆ, ಈ ಕಡೆ ಮುಖ ಮಾಡಿ ಟವೆಲ್ ಮಡಿಸುತ್ತಾ. ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿ ಪಕ್ಕಕ್ಕಿಡುತ್ತಿದ್ದಾಳೆ. ಒಲೆ ಕಡೆ ತಿರುಗುತ್ತಲೇ ಇಲ್ಲ. ನನ್ನ ನೋಡಿ ನಗುತ್ತಿದ್ದಾಳೆ, ಅವಳಿಗೆ —