ಲಗಾಮು ಬಿಟ್ಟವನ ತಮ್ಮನಿಗೆ

ವೋಸೆಲ್ ಕೋಟೆಮನೆ,
ಸಂತ ಮಾರ್ಟಿನನ ಹಬ್ಬದ ಮರುದಿನ

ಚಿರಂಜೀವಿ ತಿಯೆರಿಗೆ ನಿನ್ನ ತಂದೆಯ ಆಶೀರ್ವಾದಗಳು.

ನಿನ್ನ ಕೆಮ್ಮು ಗುಣವಾಯಿತೇ? ರಾವುತವಿದ್ಯೆ ಕಲಿಯುವ ಹುಡುಗರೆಲ್ಲ ಅಲ್ಲಿಯ ಲಾಯದ ಅಟ್ಟದಲ್ಲಿ ಮಲಗುತ್ತಾರೆಂದು ನೀನೂ ಮಲಗಬೇಡ. ಒಲೆಯ ಹತ್ತಿರ ಜಾಗ ಕೇಳು. ನಿನ್ನ ತಾಯಿ ಎದ್ದು ಓಡಾಡುತ್ತಿದ್ದಾಳೆ.

ನಿನ್ನ ಅಣ್ಣ ಎವ್ರಾರನನ್ನು ನಿನ್ನೆ ಮಣ್ಣು ಮಾಡಿದೆವು. ಊಟಕ್ಕೆ ಕುಳಿತವರ ಮುಂದೆ ಎದ್ದು ನಿಂತು, ಅಷ್ಟು ದೂರದಿಂದ ಕೆಸರು ತುಳಿದು ಬಂದದ್ದಕ್ಕೆ ಕೃತಜ್ಞತೆ ಸಲ್ಲಿಸಿದೆ; ತಂದ ಸಂತಾಪವನ್ನು ಅವರವರೇ ಹಿಂದಕ್ಕೆ ಹೊತ್ತೊಯ್ಯಬೇಕೆಂದೂ ಹೇಳಿದೆ. ಅದರಲ್ಲಿ ಅಭಿನಂದನೆಯ ವಾಸನೆಯಿತ್ತು. ನಿನ್ನ ಸೋದರತ್ತೆ ಮಾಬೀಲ್ ನನ್ನ ತೋಳು ಹಿಡಿದು, “ಅಳಬೇಡ ಕಣಣ್ಣಾ, ಕಾಡು ಕಂಡಕಂಡೋರನ್ನೆಲ್ಲ ಕರೆಯಲ್ಲ, ಪುಣ್ಯವಂತರನ್ನೇ ಆರಿಸ್ಕೊಳ್ಳೋದು,” ಎಂದಳು. “ಹಾಗಿದ್ರೆ ನಾಳೆ ನಿನ್ನ ಮಗನ್ನ ಕಳಿಸು ತಾಯಿ, ದಾರಿ ನಾನು ತೋರಿಸ್ತೀನಿ,” ಎಂದೆ. ತೋಳು ಬಿಟ್ಟಳು.

ನಡೆದದ್ದು ಇಷ್ಟು. ಹಾಡುಗಳಲ್ಲಿ ಬರುವ ಪವಿತ್ರ ಬಟ್ಟಲನ್ನು ಅರಸಿ ಹೊರಟ ನಿನ್ನ ಅಣ್ಣ, ಆ ಹಾಡುಗಳು ವಿಧಿಸುವಂತೆಯೇ, ಕಾಡಿನ ಅಂಚಿನಲ್ಲಿ ಲಗಾಮನ್ನು ಕುದುರೆಯ ಕುತ್ತಿಗೆಯ ಮೇಲೆ ಬಿಟ್ಟ: ದಾರಿಯನ್ನು ದೈವ ಆರಿಸಲಿ ಎಂದು. ಹಂದಿ ಮೇಯಿಸುವ ಒಡಿಯೆರ್ನ್ ಓಡಿಬಂದು ಕೂಗಿದಳು: “ಸ್ವಾಮೀ, ನಿಲ್ರೀ! ಆ ಕಡೆ ಕಾಡುಹಂದಿ ಗುಂಡಿ ಐತೆ!” ಕಾಡಿನ ಬಾಗಿಲಲ್ಲಿ ಹಿಂದಕ್ಕೆ ಕರೆಯುವವರೆಲ್ಲ ವೇಷ ಹಾಕಿದ ಪಿಶಾಚಿಗಳೆಂದು ಅವನ ತಲೆಗೆ ತುಂಬಿದ್ದರು. ಆಕೆಯತ್ತ ಶಿಲುಬೆಯ ಗುರುತು ಮಾಡಿ ಮುಂದುವರಿದ. ದಾರಿ ಆರಿಸಿದ್ದು ಕುದುರೆ. ಗುಂಡಿಗೆ ಮುಚ್ಚಿದ ಸೊಪ್ಪಿನ ಮೇಲೆ ಹಂದಿಗೆಂದು ಸುರಿದಿದ್ದ ಕೊಳೆತ ಸೇಬಿನ ವಾಸನೆ ಅದಕ್ಕೆ ಹತ್ತಿತ್ತು. ಕೆಳಗೆ ಚೂಪು ಗೂಟಗಳಿದ್ದವು. ಹೆಚ್ಚು ಬರೆಯಲಾರೆ.

ನಿನ್ನೆಯ ಊಟದಲ್ಲಿ ಪಾದ್ರಿಗಳು ಮಾಂಸ ಅಗಿಯುತ್ತಲೇ ವ್ಯಾಖ್ಯಾನಕ್ಕೆ ತೊಡಗಿದರು: ಕಾಡೆಂದರೆ ಈ ಲೋಕ, ಅದರ ಕತ್ತಲೆಯೆಂದರೆ ಆತ್ಮದ ಸಂಶಯ, ಗುಂಡಿಯೆಂದರೆ ಪಾಪ. ಪ್ಯಾರಿಸ್ಸಿನ ವಿದ್ಯಾಲಯದಲ್ಲಿ ವಾದಕ್ಕೆ ನಿಲ್ಲುತ್ತಿದ್ದವನು ನಾನು. ಒಂದೇ ಪ್ರಶ್ನೆ ಕೇಳಿದೆ. “ಗುರುಗಳೇ, ನೀವು ತಿಂತಿರೋ ಹಂದೀನೂ ಇಂಥದ್ದೇ ಗುಂಡೀಲಿ ಬಿದ್ದದ್ದು. ಅದು ಯಾವ ಪಾಪ ಮಾಡಿತ್ತು?” ಅಗಿಯುವುದು ನಿಂತಿತು. ಮೂಲೆಯಲ್ಲಿ ಹಾಡುಗಾರನೊಬ್ಬ ಆಗಲೇ ಗುಂಡಿಯನ್ನು ಗುಹೆ ಮಾಡಿ, ಅದರೊಳಗೊಂದು ಘಟಸರ್ಪವನ್ನಿಟ್ಟು ಶ್ರುತಿ ಹಿಡಿಯುತ್ತಿದ್ದ. ನನಗೆ ಹೇಸಿಗೆಯಾಯಿತು, ಮಗನೇ. ನಿನ್ನ ಅಣ್ಣನ ರಕ್ತ ಇನ್ನೂ ಕುದುರೆಯ ತಡಿಯ ಚರ್ಮದ ಮೇಲಿದೆ, ಇವರು ಅದಕ್ಕೆ ಪ್ರಾಸ ಹುಡುಕುತ್ತಾರೆ. ಆ ಹಾಡುಗಾರನನ್ನು ಕೈಹಿಡಿದು ಹೊರಗೆ ಬಿಟ್ಟುಬಂದೆ.

ನಿನ್ನ ತಂಗಿ ನಿನ್ನನ್ನು ದಿನವೂ ನೆನೆಯುತ್ತಾಳೆ. ದೇವರು ನಿನ್ನನ್ನು ಕಾಯಲಿ.

ನಿನ್ನ ತಂದೆ,
ಆನ್ಸೋ

ಮರೆತ ಮಾತು: ಸಾವಿನ ಸುದ್ದಿ ಮುಟ್ಟಿದೊಡನೆ ನೀನು ಬರೆದ ಪತ್ರ ತಲುಪಿತು. ವಸಂತದಲ್ಲಿ ಖಡ್ಗ ಕೈಗೆ ಬಂದೊಡನೆ, ಅಣ್ಣ ಹೊಕ್ಕ ಕಡೆಯಿಂದಲೇ ಕಾಡು ಹೊಕ್ಕು ಅವನ ಅನ್ವೇಷಣೆಯನ್ನು ಮುಗಿಸುವೆನೆಂದು ಬರೆದಿರುವೆ. ಖಡ್ಗ ನಿನ್ನ ಕೈಗೆ ಬರುವುದಿಲ್ಲ. ಈ ಮನೆಯ ರಾವುತ ಪದವಿಯನ್ನೂ ಅದಕ್ಕೆ ಅಂಟಿದ ಭೂಮಿಯನ್ನೂ, ನಿನ್ನ ತಾಯಿಯನ್ನೂ ಕೇಳದೆ, ನಿನ್ನ ಚಿಕ್ಕಪ್ಪನ ಮಗನಿಗೆ ಬಿಟ್ಟುಕೊಟ್ಟಿದ್ದೇನೆ. ನಮ್ಮ ಧಣಿಗಳು ಇಂದು ಬೆಳಿಗ್ಗೆ ಮುದ್ರೆಯೊತ್ತಿದರು. ವಾದಕ್ಕೆ ಬಾ, ಶಪಿಸು, ನನ್ನ ಮುಖ ನೋಡಬೇಡ, ಎಲ್ಲಕ್ಕೂ ಸಿದ್ಧನಿದ್ದೇನೆ. ನೀನು ರಾವುತನಾಗುವುದಿಲ್ಲ, ತಿಯೆರಿ. ನೀನು ಮುದುಕನಾಗುತ್ತೀಯೆ.